ಅಂತಪ್ಪನ ಪಾಳಿಯ ಹತ್ತು ಮಣಿ

ತೊಗರಿ ಹೂ ಬಿಡುವ ಹೊತ್ತಿಗೆ ನಮ್ಮೂರಿಗೆ ಲಾರಿ ಬರುತ್ತಿದ್ದ ಕಾಲ ಅದು. ಕಬ್ಬು ಕಡಿಯುವ ಟೋಳಿಗಳನ್ನು ತುಂಬಿಕೊಂಡು ಕೊಲ್ಲಾಪುರದ ಕಡೆ ಹೋಗುವ ಲಾರಿ. ಪಾತ್ರೆ, ಹಾಸಿಗೆ, ಕೋಳಿ, ಕೂಸು ಎಲ್ಲ ಒಂದರಲ್ಲೇ. ಡೀಸೆಲ್ ವಾಸನೆ ಬಂದರೆ ನಾನು ಈಗಲೂ ತಿರುಗಿ ನೋಡುತ್ತೇನೆ. ನನ್ನ ಗೆಳತಿ ಸೆಲಿನಾಳನ್ನು ವರ್ಷವರ್ಷವೂ ಒಯ್ಯುತ್ತಿದ್ದುದು ಆ ಲಾರಿಯೇ.

ಅಫಜಲಪುರದಿಂದ ಮಣ್ಣೂರ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿ ಕ್ರೈಸ್ತರವು ಐದೇ ಮನೆ. ತಿಂಗಳಿಗೊಮ್ಮೆ ಕಲಬುರಗಿಯಿಂದ ಫಾದರ್ ಮೋಟರ್ ಸೈಕಲ್ ಮೇಲೆ ಬಂದು ಬಲಿಪೂಜೆ, ಅಂದರೆ ಮಾಸ್, ಮಾಡಿ, ನಮ್ಮ ಮನೆಯಲ್ಲಿ ರೊಟ್ಟಿ, ಪುಂಡಿ ಪಲ್ಯ ಉಂಡು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ನಮ್ಮ ಗುಡಿ, ಗುರು ಎಲ್ಲ ಅನ್ನಮ್ಮತ್ತಿಯೇ. ಅಪ್ಪನ ಅಕ್ಕ. ದನಿ ಎಂಥದ್ದೆಂದರೆ ಆಕೆ ನಮೋ ಮರಿಯ ಜಪ ಶುರು ಮಾಡಿದರೆ ಬೀದಿಯ ನಾಯಿಗಳೂ ಸುಮ್ಮನಾಗುತ್ತಿದ್ದವು.

ಅನ್ನಮ್ಮತ್ತಿಗೆ ಒಬ್ಬನೇ ಮಗ, ಅಂತಪ್ಪ; ಬೇರೆ ಮನೆ ಮಾಡಿದ್ದ. ಕುಡಿತಕ್ಕೆ ಬಿದ್ದಿದ್ದ. ಹೆಂಡತಿ ಮತ್ತು ಮಗಳು ಸೆಲಿನಾ ಎಷ್ಟೋ ಸಂಜೆ ನಮ್ಮ ಮನೆಗೆ ಓಡಿಬಂದು ಕೂರುತ್ತಿದ್ದರು. ಒಂದು ಬೇಸಿಗೆಯಲ್ಲಿ ಅತ್ತಿ ಅವನ ರಟ್ಟೆ ಹಿಡಿದು ಕಲಬುರಗಿಯ ಧ್ಯಾನಕೂಟಕ್ಕೆ ಎಳೆದೊಯ್ದಳು. ಅಲ್ಲಿ ಅವನು ನೆಲಕ್ಕೆ ಹಣೆ ಹಚ್ಚಿ ಅತ್ತನಂತೆ. ಕೊರಳಲ್ಲಿ ಜಪಸರ ಹಾಕಿಕೊಂಡು ಬಂದ. ಕುಡಿತ ನಿಂತಿತು. “ನನ್ನ ಮಗ ಹೊಳ್ಳಿ ಬಂದ ನೋಡ್ರಿ” ಎಂದು ಅತ್ತಿ ಊರೆಲ್ಲ ಸಕ್ಕರೆ ಹಂಚಿದಳು.

ಆಮೇಲೆ ಆಕೆ ಜಪಮಾಲೆ ಕೂಟ ಕಟ್ಟಿದಳು. ಜಪಮಾಲೆಯಲ್ಲಿ ಐದು ಹತ್ತು, ಅಂದರೆ ಹತ್ತು ಹತ್ತು ಮಣಿಯ ಐದು ಗುಂಪು; ಮಣಿಗೊಂದು ನಮೋ ಮರಿಯ. ನಮ್ಮವೂ ಐದು ಮನೆ. ಒಂದು ಮನೆಗೆ ಒಂದು ಹತ್ತು ಮಣಿಯ ಪಾಳಿ. ಮೊದಲ ಹತ್ತು ಅತ್ತಿಯದು, ಎರಡನೆಯದು ನಮ್ಮದು, ಮೂರನೆಯದು ಅಂತಪ್ಪನದು, ಉಳಿದೆರಡು ಉಳಿದವರವು. ಒಬ್ಬರ ಪಾಳಿ ಇನ್ನೊಬ್ಬರು ಹೇಳುವಂತಿಲ್ಲ.

ಬೇಸಿಗೆ, ಮಳೆಗಾಲ ಚಂದ ನಡೆಯಿತು. ಅಕ್ಟೋಬರ್ ಬಂತು. ಅದು ಜಪಮಾಲೆಯ ತಿಂಗಳು, ಲಾರಿಯ ತಿಂಗಳೂ ಅದೇ. ನೋಡಿ ನಮ್ಮ ಹಣೆಬರಹ! ಅಪ್ಪನಿಗೆ ಊರಲ್ಲೇ ಹೊಲದ ಕೆಲಸವಿತ್ತು, ನಾವು ಉಳಿದೆವು. ಅಂತಪ್ಪನ ಮನೆ ಸೇರಿ ಮೂರು ಮನೆಯವರು ಲಾರಿ ಹತ್ತಿದರು.

ಅತ್ತಿ ಲಾರಿಯ ಹಲಗೆ ಹಿಡಿದು ಕೂಗಿದಳು: “ದೀಪಾ ಹಚ್ಚೂ ಹೊತ್ತಿಗಿ ನಾವ್ ಇಲ್ಲಿ ಕುಂಡರ್ತೇವಿ. ನೀವು ಎಲ್ಲಿದ್ರೂ ನಿಮ್ಮ ಪಾಳಿ ಹೇಳ್ರಿ. ಅಂತಪ್ಪಾ, ಮೂರನೇದು ನಿಂದು. ಅದು ತಪ್ಪಿದ್ರ ನೀ ತಪ್ಪಿದಂಗ, ತಿಳೀತಿಲ್ಲೋ?”

“ಹೂಂ ಯವ್ವಾ, ಹೇಳ್ತೇನಿ” ಎಂದ ಅಂತಪ್ಪ. ಸೆಲಿನಾ ನನಗೆ ಕೈ ಬೀಸಿದಳು.

ಅಂದಿನಿಂದ ಸಂಜೆಯ ಜಪ ಹೀಗಾಯಿತು. ಅತ್ತಿ ನಮ್ಮ ಮನೆಗೆ ಬಂದು ಮಾತೆಯ ಸಣ್ಣ ಪ್ರತಿಮೆಯ ಮುಂದೆ ಮೇಣಬತ್ತಿ ಹಚ್ಚಿ ತನ್ನ ಹತ್ತು ಹೇಳುವಳು. ನಾವು ನಮ್ಮ ಹತ್ತು ಹೇಳುವೆವು. ಆಮೇಲೆ ಎಲ್ಲರೂ ಬಾಯಿ ಮುಚ್ಚಿ ಕೂರುವುದು. ಅತ್ತಿಯ ಹೆಬ್ಬೆರಳು ಮಾತ್ರ ಒಂದೊಂದೇ ಮಣಿ ದಾಟಿಸುತ್ತಿತ್ತು. ಅಂತಪ್ಪನ ಹತ್ತು, ಆಮೇಲೆ ಉಳಿದೆರಡು ಮನೆಯ ಹತ್ತು ಹತ್ತು. ಆ ಹೊತ್ತಿನಲ್ಲಿ ಪಕ್ಕದ ಮನೆಯ ರೊಟ್ಟಿ ಬಡಿಯುವ ಸದ್ದು, ಆಚೆ ಓಣಿಯ ಆಜಾನ್, ಎಮ್ಮೆಯ ಉಸಿರು ಎಲ್ಲ ಕೇಳುತ್ತಿತ್ತು. ನನ್ನ ತಮ್ಮ ಕಿಸಕ್ಕನೆ ನಕ್ಕರೆ ಅವ್ವ ತೊಡೆ ಚಿವುಟುವಳು.

ಪಕ್ಕದ ಮನೆಯ ಶಾಂತಕ್ಕ, ಲಿಂಗಾಯತರಾಕೆ, ಒಮ್ಮೆ ಬಾಗಿಲಲ್ಲಿ ನಿಂತು ನೋಡಿ ಕೇಳಿದಳು: “ಇದೇನ್ರಿ ಅನ್ನಮ್ಮ, ಹೇಳ್ಕೋತ ಹೇಳ್ಕೋತ ಸುಮ್ಮನ ಕುಂತ್ರಿ? ಮರ್ತ್ರೇನು?”

“ಇಲ್ರೀ ಅಕ್ಕಾ. ಈಗ ನಮ್ಮ ಅಂತಪ್ಪನ ಪಾಳಿ. ಅಲ್ಲಿ ಹೇಳಾಕತ್ತಾನ. ನಡುವ ನಾವು ಮಾತಾಡಬಾರದು.”

ಶಾಂತಕ್ಕ ತಾನೂ ಸೆರಗು ಹೊದ್ದು ಸುಮ್ಮನೆ ನಿಂತಳು. ನಾನು ಕಣ್ಣು ಮುಚ್ಚಿದರೆ ಕಬ್ಬಿನ ಗದ್ದೆ, ಗುಡಿಸಲು, ಅದರ ಮುಂದೆ ಕೈಮುಗಿದ ಸೆಲಿನಾ ಕಾಣುತ್ತಿದ್ದಳು. ಅವಳ ದನಿಯೂ ಕೇಳುತ್ತಿತ್ತು, ಆಣೆ ಮಾಡಿ ಹೇಳುತ್ತೇನೆ. ಜಗತ್ತು ಅಷ್ಟು ತುಂಬಿದ್ದದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ. ಕ್ರಿಸ್ಮಸ್ ಹೋಯಿತು, ತೊಗರಿ ರಾಶಿ ಮುಗಿಯಿತು, ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬಂತು. ಒಂದು ಸಂಜೆಯೂ ತಪ್ಪಲಿಲ್ಲ.

ಗರಿಗಳ ಭಾನುವಾರಕ್ಕೆ ಮುಂಚೆ ಟೋಳಿ ಹಿಂತಿರುಗಿತು. ಅತ್ತಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಎಲ್ಲ ಮುಂದಿಟ್ಟುಕೊಂಡು ಮಗನನ್ನು ಕೂರಿಸಿದಳು. ನಾನು ಸೆಲಿನಾಳ ಪಕ್ಕ ಒತ್ತಿಕೊಂಡು ಕೂತೆ. ಅವಳ ಅಂಗೈ ಕಬ್ಬಿನ ಗರಿಗೆ ಸೀಳಿ ಒರಟಾಗಿತ್ತು.

“ಸಂಜಿ ಎಷ್ಟೊತ್ತಿಗಿ ಕುಂಡರ್ತಿದ್ರಿ? ನಮ್ಮ ಹೊತ್ತಿಗಿ ಕೂಡ್ತಿತ್ತೇನು?” ಅತ್ತಿಯ ಮುಖ ಅರಳಿತ್ತು.

ಸೆಲಿನಾ ರೊಟ್ಟಿ ಅಗಿಯುತ್ತಲೇ ಕೇಳಿದಳು: “ಯಾತಕ್ಕ, ಆಯಿ?”

ಅಂತಪ್ಪ ತಲೆ ಎತ್ತಲಿಲ್ಲ. “ಯವ್ವಾ, ಹೊತ್ತು ಮುಳುಗಿದ ಮ್ಯಾಲೇ ಗಾಡಿ ತುಂಬೂದು. ತುಂಬಿ ಬಂದು ಬಿದ್ರ ಮೈಮ್ಯಾಲ ಖಬರ್ ಇರ್ತಿದ್ದಿಲ್ಲ. ಮೊದಲಿಗಿ ನಾಕು ದಿನ ಹೇಳಿದೆ. ಆಮ್ಯಾಲ ಜಪಸರ ಕಬ್ಬಿನ ಒಣಗರಿ ರವದ್ಯಾಗ ಹರದು ಬಿತ್ತು. ಹುಡುಕಲಿಲ್ಲ.”

“ಉಳದವ್ರು?”

“ಯಾರೂ ಇಲ್ಲಬೇ.”

ಹೇಳುವಾಗ ಅವನ ಬಾಯಿಂದ ಹೆಂಡದ ವಾಸನೆ ಬಂತು. ಅದು ನನಗೂ ಬಂತೆಂದ ಮೇಲೆ ಅತ್ತಿಗೆ ಬರದೇ ಇರುತ್ತದೆಯೇ? ಇನ್ನೊಂದು ರೊಟ್ಟಿ ಮುರಿದು ಅವನ ತಾಟಿಗೆ ಹಾಕಿದಳು. “ಉಣ್ಣು” ಎಂದಳು.

ಅಂದು ಸಂಜೆ ಆಕೆ ಅವನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. ತನ್ನ ಹತ್ತು ಹೇಳಿದಳು. ನಾವು ನಮ್ಮದು ಹೇಳಿದೆವು. ಅಂತಪ್ಪನ ಪಾಳಿ ಬಂತು. ಅವನು ಗೋಡೆಗೆ ಆತು ಕೂತಿದ್ದ, ಎಚ್ಚರವಿದ್ದ, ಮಾತೆಯ ಪ್ರತಿಮೆಯನ್ನೇ ನೋಡುತ್ತಿದ್ದ. ಬಾಯಿ ತೆರೆಯಲಿಲ್ಲ. ಅತ್ತಿ ಎಂದಿನಂತೆ ಹತ್ತೂ ಮಣಿ ದಾಟಿಸಿದಳು. ಇಷ್ಟು ದಿನ ನಾವು ಕೂತಿದ್ದ ಮೌನದಲ್ಲಿ ಏನಿತ್ತು ಎಂಬುದು ಆಗ ಎಲ್ಲರಿಗೂ ಕಂಡಿತು. ಏನೂ ಇರಲಿಲ್ಲ. ಅವನು ಎದ್ದು ಚಪ್ಪಲಿ ಮೆಟ್ಟಿ ಹೋದ.

ಮರುದಿನದಿಂದ ಅತ್ತಿ ಬರಲಿಲ್ಲ. ಈಸ್ಟರಿಗೆ, ನಮ್ಮ ಪಾಸ್ಖ ಹಬ್ಬಕ್ಕೆ, ಬಂದ ಫಾದರ್ ಕೂಟದ ವಿಚಾರ ಕೇಳಿದಾಗ ಆಕೆ ಅಂದದ್ದು ಇಷ್ಟೇ: “ನಾ ಇಷ್ಟು ದಿನ ಗ್ವಾಡಿಗಿ ಕಿವಿ ಹಚ್ಚಿ ಕುಂತಿದ್ದೆ ರೀ, ಫಾದರ್.” ಮುಂದಿನ ಅಕ್ಟೋಬರ್‌ನಲ್ಲಿ ಹೋದ ಅಂತಪ್ಪ ಹೆಂಡತಿ ಮಗಳೊಂದಿಗೆ ಅಲ್ಲೇ ಯಾವುದೋ ಕಾರ್ಖಾನೆಯ ಬಳಿ ಉಳಿದುಬಿಟ್ಟ. ಸೆಲಿನಾಳನ್ನು ನಾನು ಮತ್ತೆ ನೋಡಿಲ್ಲ. ಅತ್ತಿ ತೀರಿಕೊಂಡಾಗ ಆಕೆಯ ಕೈಗೆ ಜಪಸರ ಸುತ್ತಿದವಳು ನನ್ನವ್ವ. ಬದುಕಿದ್ದಾಗ ಅದನ್ನು ಆಕೆ ಮತ್ತೆ ಮುಟ್ಟಿರಲಿಲ್ಲ.

ಈಗ ನಾನು ಕಲಬುರಗಿಯಲ್ಲಿದ್ದೇನೆ. ನಮ್ಮ ಧರ್ಮಕೇಂದ್ರದಲ್ಲಿ ವಿಶ್ವಾಸ ನವೀಕರಣದ ಕೂಟಗಳಿಗೇನೂ ಬರವಿಲ್ಲ. ಮೈಕು, ಕೀಬೋರ್ಡು, ಮೊಬೈಲಿನಲ್ಲಿ ಗುಂಪು ಎಲ್ಲ ಇದೆ. ಜಪಮಾಲೆಯನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ; ಯಾರಿಗಾಗಿಯೂ ಯಾರೂ ನಿಲ್ಲುವುದಿಲ್ಲ. ನಾನು ಮಾತ್ರ ಎರಡನೇ ಹತ್ತು ಮುಗಿಯುತ್ತಲೇ ಬಾಯಿ ಮುಚ್ಚುತ್ತೇನೆ. ಪಕ್ಕದವರು ಮೊಣಕೈಯಿಂದ ತಿವಿಯುತ್ತಾರೆ.

ಆ ಮೌನದ ಆಚೆ ಅಂದು ಮೂರು ಮನೆಯವರು ಜಪ ಹೇಳುತ್ತಿದ್ದರು ಎಂದು ಬರೆಯಹೊರಟೆ. ಇಲ್ಲ, ಅಂತಪ್ಪನ ಮೊದಲ ನಾಲ್ಕು ದಿನ ಬಿಟ್ಟರೆ ಅಂದೂ ಯಾರೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದಾರೆಂದು ನಂಬಿ, ಉಸಿರು ಹಿಡಿದು, ಅವರ ಪಾಳಿ ಮುಗಿಯಲೆಂದು ಕೂತಿರುತ್ತಿದ್ದೆವಲ್ಲ, ಕಳೆದುಹೋದದ್ದು ಅದು. ಈಗಲೂ ನಾನು ಹತ್ತು ಮಣಿ ದಾಟಿಸುತ್ತೇನೆ. ಕಣ್ಣು ಮುಚ್ಚಿದರೆ ಸೆಲಿನಾ ಕಾಣುವುದಿಲ್ಲ.