ಬಳೆಗಳ ರಸೀದಿ

ಗಲ್ಫ್‌ನ ಉಮ್ಮ್ ಸಲಾಲ್ ಊರಿನ ಟೈಪಿಂಗ್ ಅಂಗಡಿಯಲ್ಲಿ ನನ್ನ ವೀಸಾ ಅರ್ಜಿ ತುಂಬುತ್ತಿದ್ದ ಉಡುಪಿಯ ವಿನ್ಸೆಂಟ್, ಒಳಗೆ ಬಂದ ಮುದುಕರನ್ನು ಕಂಡು ಎದ್ದು ನಿಂತ. ಇದ್ರೀಸ್ ಎಂಬ ಆ ಹಿರಿಯರು ಆಫ್ರಿಕಾದವರು, ಇಲ್ಲಿ ಒಂದು ಕಟ್ಟಡದ ಕಾವಲುಗಾರರು. ತಮ್ಮ ದೇಶದ ವಿಮೋಚನಾ ಯುದ್ಧಕ್ಕೆ ಅಂಗಡಿ, ಲಾರಿ ಮಾರಿ ಹಣ ಕೊಟ್ಟವರು. ಅದೂ ಸಾಲದಾದಾಗ ಪಕ್ಕದ ಮನೆಯ ವಿಧವೆಯ ಚಿನ್ನದ ಬಳೆಗಳನ್ನು ಕೇಳಿ ಒಯ್ದಿದ್ದರಂತೆ. ಯುದ್ಧ ಗೆದ್ದ ಸರ್ಕಾರ ಏನನ್ನೂ ಹಿಂತಿರುಗಿಸಲಿಲ್ಲ. ಆಕೆಗೆ ಮುಖ ತೋರಿಸಲಾಗದೆ ಇವರು ಮೂವತ್ತು ವರ್ಷ ಊರಿಗೇ ಹೋಗಿಲ್ಲ.

“ಆ ಹಣ ಕೇಳಿ ಅವರ ಸರ್ಕಾರಕ್ಕೆ ವರ್ಷಕ್ಕೊಂದು ಅರ್ಜಿ ನಾನೇ ಟೈಪ್ ಮಾಡಿ ಕೊಡುದು ಮಾರಾಯ್ರೆ. ಈ ಸಲ ಉತ್ತರ ಬಂದಿದೆ,” ಎಂದು ವಿನ್ಸೆಂಟ್ ನನಗೆ ಹೇಳಿ, ಅರಬಿ ಪತ್ರವನ್ನು ಅವರಿಗೆ ನಿಧಾನವಾಗಿ ಓದಿದ. ರಸೀದಿ ಇರುವ ಸಾಲವನ್ನು ಮಾತ್ರ ಸರ್ಕಾರ ತೀರಿಸುತ್ತದಂತೆ. ಇದ್ರೀಸ್ ರಸೀದಿ ಬರೆಸಿಕೊಂಡಿದ್ದು ಬಳೆಗಳಿಗೆ ಮಾತ್ರ, ಅದೂ ಆಕೆಯ ಹೆಸರಿನಲ್ಲಿ.

“ಅಂಗಡಿ, ಲಾರಿದು ಮಾಫಿ, ಏನೂ ಸಿಗುದಿಲ್ಲ ಚಾಚಾ,” ಎಂದ ವಿನ್ಸೆಂಟ್ ಅಳುಕುತ್ತ.

“ಬಳೆಯದು ಬಂತಲ್ಲ. ಖಲಾಸ್, ಅಷ್ಟು ಸಾಕು,” ಎಂದು ಅವರು ಅಲ್ಲಿಂದಲೇ ಊರಿನ ಆ ವಿಧವೆಗೆ ಫೋನು ಹಚ್ಚಿ ಸುದ್ದಿ ಹೇಳಿದರು. ಆಚೆಯಿಂದ ಹೆಂಗಸಿನ ಧ್ವನಿ ಒಂದೇ ಸಮನೆ ಏರಿತು.

“ಬೈಯುತ್ತಿದ್ದಾಳೆ,” ಎಂದರು ನನ್ನತ್ತ ತಿರುಗಿ ಹಿಂದಿಯಲ್ಲಿ. “ಬಳೆಗಲ್ಲ. ಇಷ್ಟು ವರ್ಷ ಯಾಕೆ ಬರಲಿಲ್ಲ ಅಂತ.”

ಕುರ್ಚಿ ಎಳೆದುಕೊಂಡು ಕೂತು, ಕಣ್ಣು ಮುಚ್ಚಿ, ಬೈಗುಳವನ್ನು ನೆಮ್ಮದಿಯಾಗಿ ಕೇಳತೊಡಗಿದರು.