ಸೋಮವಾರದ ಅಳತೆ

ಮರುಳಸಿದ್ದಪ್ಪನವರು ನಮ್ಮ ಆಫೀಸಿನಲ್ಲಿ ಯಾರಿಗೂ ಬೇಡದ ಮನುಷ್ಯರಾಗಿದ್ದರು. ಅವರು ಯಾವ ಕೆಲಸವನ್ನೂ ಅಂದಾಜಿನಲ್ಲಿ ಮಾಡುತ್ತಿರಲಿಲ್ಲ, ಅದೇ ಅವರ ಅಪರಾಧ. ಜಯನಗರ, ಯಡಿಯೂರು, ಬನಶಂಕರಿ ಕಡೆಯ ಒಳಚರಂಡಿಗಳಿಗೆ ಅವರು ಓವರ್ಸಿಯರ್. ನಾನು ಅನಂತರಾಮು, ಅದೇ ಆಫೀಸಿನ ಬಿಲ್ ಗುಮಾಸ್ತ. ಹನ್ನೊಂದು ವರ್ಷ ಎದುರುಬದುರು ಮೇಜಿನಲ್ಲಿ ಕೂತಿದ್ದೇವೆ. ಅವರ ಮೇಲೆ ನನಗೆ ಗೌರವಕ್ಕಿಂತ ಸಿಟ್ಟೇ ಹೆಚ್ಚಾಗಿತ್ತೆಂದು ಈಗಲೇ ಹೇಳಿಬಿಡುತ್ತೇನೆ.

ಆಗ ಕಾರ್ಖಾನೆಗಳಿಗೂ ಮನೆಗಳಿಗೂ ಚರಂಡಿ ಶುಲ್ಕ ಒಂದೇ ಲೆಕ್ಕದಲ್ಲಿತ್ತು. ಎಷ್ಟು ನಲ್ಲಿಯೋ ಅಷ್ಟು ದುಡ್ಡು. ನಾಲ್ಕು ನಲ್ಲಿಯ ಮನೆಯವನು ಕಟ್ಟುತ್ತಿದ್ದುದಕ್ಕಿಂತ, ಸ್ವಂತ ಬಾವಿಯಿಂದ ನೀರು ಸೇದಿ ಹಗಲೆಲ್ಲ ಚರಂಡಿಗೆ ಸುರಿಯುವ ಸಾಬೂನು ಕಾರ್ಖಾನೆಯವನು ಕಡಿಮೆ ಕಟ್ಟುತ್ತಿದ್ದ. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ. ಮರುಳಸಿದ್ದಪ್ಪನವರು ಎರಡು ವರ್ಷ ಬೆನ್ನುಬಿದ್ದು, ಸಾಹೇಬರ ಮುಂದೆ ಮತ್ತೆ ಮತ್ತೆ ನಿಂತು, ಅರುವತ್ತಾರನೆಯ ಇಸವಿಯಲ್ಲಿ ಒಂದು ಆರ್ಡರು ಮಾಡಿಸಿದರು. ಕಾರ್ಖಾನೆಯವರು ಚರಂಡಿಗೆ ಎಷ್ಟು ಬಿಡುತ್ತಾರೋ ಅದನ್ನು ಅಳೆದು ಶುಲ್ಕ ಹಾಕುವುದು ಎಂದು. ಅಳೆಯುವ ಕೆಲಸವೂ ಅವರ ತಲೆಗೇ ಬಂತು.

ಅವರ ಉಪಕರಣ ಒಂದು ಹಲಸಿನ ಹಲಗೆ, ನಡುವೆ ತ್ರಿಕೋನಾಕಾರದ ಕಚ್ಚು. ಕಾರ್ಖಾನೆಯ ಹೊರಗಿನ ಮ್ಯಾನ್‌ಹೋಲಿಗೆ ಇಳಿದು ಹಲಗೆಯನ್ನು ನೀರಿಗೆ ಅಡ್ಡ ನಿಲ್ಲಿಸಬೇಕು. ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತದೆಂದು ಅರ್ಧ ಗಂಟೆಗೊಮ್ಮೆ ನೋಡಿ ಬರೆಯಬೇಕು. ಬೇರೆ ಓವರ್ಸಿಯರಾಗಿದ್ದರೆ ಕೂಲಿಯವನನ್ನು ಇಳಿಸಿ ತಾನು ಮರದ ನೆರಳಿನಲ್ಲಿ ನಿಲ್ಲುತ್ತಿದ್ದ. ಇವರು ಪಂಚೆ ಮೇಲೆ ಕಟ್ಟಿ ತಾವೇ ಇಳಿಯುತ್ತಿದ್ದರು. ಇಳಿದ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಅದಕ್ಕಾಗಿ ಒಂದು ಉಪಾಯ ಮಾಡಿಕೊಂಡಿದ್ದರು. ಚಿಕ್ಕಂದಿನಿಂದಲೂ ಸೋಮವಾರ ಅವರದು ಒಪ್ಪತ್ತು. ಸಂಜೆ ಮನೆಗೆ ಹೋಗಿ, ಹೆಂಡತಿ ಸಿದ್ದಗಂಗಮ್ಮ ಹಿತ್ತಿಲಲ್ಲಿ ಕಾಯಿಸಿಟ್ಟ ನೀರು ಮಿಂದು, ಲಿಂಗಪೂಜೆ ಮುಗಿಸಿದ ಮೇಲೆಯೇ ಊಟ. ಹೇಗೂ ಹಗಲು ಉಣ್ಣದ ದಿನ, ಚರಂಡಿಯ ಅಳತೆಯೂ ಅಂದೇ ಆಗಲಿ ಎಂದು ನಿಶ್ಚಯಿಸಿಕೊಂಡರು. ಒಂಬತ್ತು ಕಾರ್ಖಾನೆಗಳನ್ನೂ ಸೋಮವಾರಗಳಂದೇ ಅಳೆದರು. ಆ ಒಂದು ದಿನದ ಅಳತೆಯನ್ನು ತಿಂಗಳ ಕೆಲಸದ ದಿನಗಳಿಗೆ ಗುಣಿಸಿ ನಾನು ಬಿಲ್ಲು ಬರೆದೆ.

ಯಡಿಯೂರಿನ ಚಿಕ್ಕಬೈರಪ್ಪನವರಿಗೆ ತಿಂಗಳಿಗೆ ನೂರ ನಲವತ್ತೆರಡು ರೂಪಾಯಿ ಬಂತು. ಅವರದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆ. ಹೊಲ ಲೇಔಟಿಗೆ ಹೋದ ಮೇಲೆ, ಬಂದ ಪರಿಹಾರದಲ್ಲಿ ನಾಲ್ಕು ತಾಮ್ರದ ಕೊಪ್ಪರಿಗೆ ಕೊಂಡು ಹನ್ನೆರಡು ಜನರನ್ನು ಇಟ್ಟುಕೊಂಡಿದ್ದರು. ಬಿಲ್ಲು ಹಿಡಿದು ಆಫೀಸಿಗೆ ಬಂದರು. ಕೂಗಾಡಲಿಲ್ಲ.

“ನಾನು ಅಷ್ಟು ನೀರು ಬಿಡಲ್ಲ ಸ್ವಾಮಿ. ಇನ್ನೊಂದು ಸಲ ನೋಡಿ,” ಎಂದರು.

“ನಾನೇ ಇಳಿದು ಅಳೆದಿದೀನಿ ಗೌಡ್ರೇ. ಒಂದು ಸಲ ಅಲ್ಲ, ಮೂರು ಸಲ. ಮೂರು ಸಲಾನೂ ಅಷ್ಟೇ ಬಂತು,” ಎಂದರು ಮರುಳಸಿದ್ದಪ್ಪ.

ಆ ಮಾತಿನಲ್ಲಿ ಹೆಮ್ಮೆಯಿತ್ತು. ಮೂರು ಸಲವೂ ಸೋಮವಾರವೇ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಚಿಕ್ಕಬೈರಪ್ಪ ಇನ್ನೂ ಏನೋ ಹೇಳಲು ಹೊರಟರು. ನಾನು ಫೈಲು ಕಟ್ಟಿದೆ. ಅವರು ಹೊರಟುಹೋದರು.

ನಾಲ್ಕು ತಿಂಗಳು ಕಳೆಯಿತು. ಕತ್ರಿಗುಪ್ಪೆಯ ಕಡೆ ಹೊಸ ಪೈಪಿಗಾಗಿ ಕಾಲುವೆ ತೋಡಿಸುತ್ತಿದ್ದಾಗ ಮರುಳಸಿದ್ದಪ್ಪನವರು ಮಣ್ಣು ಹೊರುವ ಒಬ್ಬ ಹೆಂಗಸಿನ ಕೈ ನೋಡಿದರು. ಉಗುರು, ಬೆರಳ ಸಂದಿ ಎಲ್ಲ ಕಡುಗೆಂಪು. ಗಾಯವಾಗಿದೆ ಎಂದುಕೊಂಡು ವಿಚಾರಿಸಿದರು.

“ಗಾಯ ಅಲ್ಲ ಸ್ವಾಮಿ, ಬಣ್ಣ. ಚಿಕ್ಕಬೈರಪ್ಪನೋರ ಹತ್ರ ಇದ್ದೆ. ಚರಂಡಿ ದುಡ್ಡು ಜಾಸ್ತಿ ಬಂತು ಅಂತ ಹೋದ ತಿಂಗಳು ಆರು ಜನರನ್ನ ಬಿಡಿಸಿದ್ರು,” ಎಂದಳು. ಅವಳ ಹೆಸರು ಮಂಗಮ್ಮ.

“ನೀರು ಅಷ್ಟು ಚೆಲ್ಲಿದ್ರೆ ದುಡ್ಡು ಬರದೇ ಇರುತ್ತೇನಮ್ಮ?”

“ಎಲ್ಲಿ ಚೆಲ್ತೀವಿ ಸ್ವಾಮಿ? ವಾರ ಪೂರ್ತಿ ಅದೇ ಬಣ್ಣದ ನೀರಿಗೆ ಪುಡಿ ಬೆರೆಸಿಕೊಂಡು ನೂಲು ಅದ್ದೋದು. ಭಾನುವಾರ ರಜ. ಸೋಮವಾರ ಬೆಳಿಗ್ಗೆ ಹಳೇ ನೀರೆಲ್ಲ ಚೆಲ್ಲಿ ಕೊಪ್ಪರಿಗೆ ಉಜ್ಜಿ ತೊಳೀತಿದ್ದೆ. ಅದೊಂದು ದಿನ ಚರಂಡಿ ತುಂಬಿ ಹರೀತಿತ್ತು. ಮಿಕ್ಕ ದಿನ ಏನೂ ಇಲ್ಲ.”

ಮರುಳಸಿದ್ದಪ್ಪನವರು ಅಲ್ಲೇ ಪೈಪಿನ ಮೇಲೆ ಕೂತುಬಿಟ್ಟರಂತೆ. ಮಧ್ಯಾಹ್ನ ಆಫೀಸಿಗೆ ಬಂದಾಗ ಅವರ ಮುಖ ನೋಡಿ, ಮನೆಯಲ್ಲಿ ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಿದೆ. ಅವರು ನಡೆದದ್ದನ್ನು ಹೇಳಿ ಒಂದು ಹಾಳೆ ಕೇಳಿದರು. ತಾನು ತಪ್ಪು ಅಳೆದಿದ್ದೇನೆ, ಶುಲ್ಕ ಅನ್ಯಾಯವಾಗಿ ಬಿದ್ದಿದೆ, ಒಂಬತ್ತು ಕಾರ್ಖಾನೆಗಳನ್ನೂ ವಾರದ ಎಲ್ಲಾ ದಿನ ಮತ್ತೆ ಅಳೆಯಬೇಕು ಎಂದು ಸಾಹೇಬರಿಗೆ ಬರೆಯುತ್ತಾರಂತೆ.

ನನಗೆ ಮೈ ಉರಿಯಿತು. “ನಿಮಗೇನು ತಲೆ ಕೆಟ್ಟಿದೆಯೇ ಮರುಳಸಿದ್ದಪ್ಪನೋರೇ? ರಿಟೈರಾಗೋಕೆ ಎಂಟು ತಿಂಗಳಿದೆ. ಇಂಕ್ರಿಮೆಂಟ್ ಕತ್ತರಿಸ್ತಾರೆ, ಪಿಂಚಣಿಗೂ ಪೆಟ್ಟು. ಅದಿರಲಿ, ಸಾಬೂನು ಕಾರ್ಖಾನೆಯೋರು ಕಾಯ್ತಾ ಕೂತಿದಾರೆ. ಒಂದು ಅಳತೆ ತಪ್ಪು ಅಂತ ಗೊತ್ತಾದ್ರೆ ಎಲ್ಲಾನೂ ತಪ್ಪು ಅಂತಾರೆ. ಮತ್ತೆ ನಲ್ಲಿ ಲೆಕ್ಕಕ್ಕೇ ಹೋಗುತ್ತೆ. ನಿಮ್ಮ ಎರಡು ವರ್ಷ ನೀರಲ್ಲಿ ಹೋಮ. ಸುಮ್ಮನೆ ಬಾಯಿ ಮುಚ್ಕೊಂಡಿರಿ.”

ಆರ್ಡರು ಹೋಗುತ್ತದೆಂಬ ಮಾತು ಅವರಿಗೆ ನಾಟಿತ್ತು. ಆ ಆರ್ಡರಿನ ಮೇಲೆ ಅವರಿಗೆ ಮಕ್ಕಳ ಮೇಲಿನಷ್ಟೇ ಮಮತೆ.

“ಬೇರೆ ಯಾರಾದ್ರೂ ಹಾಕಿದ ರೇಟಾಗಿದ್ರೆ ಜಗಳ ಆಡ್ತಿದ್ದೆ ರಾಯರೇ,” ಎಂದರು. “ಇದು ನಾನು ಹಾಕಿದ್ದು. ಆ ಹೆಂಗಸು ನನ್ನ ಒಪ್ಪತ್ತಿನಿಂದ ಮಣ್ಣು ಹೊರ್ತಾ ಇದಾಳೆ. ಯಾವ ಮುಖ ಇಟ್ಕೊಂಡು ಪೂಜೆಗೆ ಕೂರಲಿ?”

ಬರೆದೇ ಕೊಟ್ಟರು. ನಾನು ಹೇಳಿದ್ದೆಲ್ಲ ಆಯಿತು. ಸಾಬೂನು ಕಾರ್ಖಾನೆಯವರು ಅರ್ಜಿಯ ಮೇಲೆ ಅರ್ಜಿ ಹಾಕಿದರು. ಆಫೀಸಿನಲ್ಲಿ ಜನ ಮರುಳಸಿದ್ದಪ್ಪನವರನ್ನು ನೋಡಿ ಮೂಗು ಮುಚ್ಚಿಕೊಂಡು ನಕ್ಕರು. ಇಂಕ್ರಿಮೆಂಟ್ ನಿಂತಿತು. ಸಾಹೇಬರು ಒಳ್ಳೆಯವರಾದ್ದರಿಂದ ಆರ್ಡರು ಮಾತ್ರ ಉಳಿಯಿತು, ಆದರೆ ಒಂದು ಷರತ್ತಿನ ಮೇಲೆ: ತಪ್ಪು ಮಾಡಿದವರೇ ಮತ್ತೆ ಅಳೆಯಬೇಕು, ಸಹಾಯಕ್ಕೆ ಕೂಲಿಯವನನ್ನು ಕೊಡುವುದಿಲ್ಲ. ಐವತ್ನಾಲ್ಕು ದಾಟಿದ ಮನುಷ್ಯ ಒಂಬತ್ತು ವಾರ, ಭಾನುವಾರವನ್ನೂ ಬಿಡದೆ, ದಿನವೂ ಮ್ಯಾನ್‌ಹೋಲಿಗೆ ಇಳಿದರು. ಹಗಲೂಟ ಪೂರ್ತಿ ಬಿಟ್ಟುಹೋಯಿತು. ಕೆನ್ನೆ ಒಳಕ್ಕೆ ಹೋಗಿ ಕುತ್ತಿಗೆಯ ನರಗಳು ಎದ್ದು ಕಂಡವು. ಪಾಪ ಅನ್ನಿಸುತ್ತಿತ್ತು, ಆದರೂ ಬಾಯಲ್ಲಿ ಮಾತ್ರ ಬೈಯುತ್ತಲೇ ಇದ್ದೆ.

ಹೊಸ ಲೆಕ್ಕದಲ್ಲಿ ಚಿಕ್ಕಬೈರಪ್ಪನವರ ಶುಲ್ಕ ನಲವತ್ಮೂರು ರೂಪಾಯಿಗೆ ಇಳಿಯಿತು. ಸಾಬೂನಿನವರದು ಏರಿತು, ಅವರು ಸೋಮವಾರ ಯಂತ್ರಕ್ಕೆ ಎಣ್ಣೆ ಹಾಕುತ್ತ ಕಡಿಮೆ ಕೆಲಸ ಮಾಡುತ್ತಿದ್ದರಂತೆ. ಹೆಚ್ಚಾಗಿ ಕಟ್ಟಿದ ಹಣವನ್ನು ಮುಂದಿನ ಬಿಲ್ಲುಗಳಲ್ಲಿ ಮುರಿದುಕೊಳ್ಳಬೇಕೆಂದು ಆರ್ಡರಾಯಿತು. ಚಿಕ್ಕಬೈರಪ್ಪನವರಿಗೆ ಆ ಕಾಗದವನ್ನು ಜವಾನನ ಕೈಲಿ ಕಳಿಸೋಣ ಎಂದೆ. ಮರುಳಸಿದ್ದಪ್ಪನವರು ಒಪ್ಪಲಿಲ್ಲ, ತಾವೇ ಹೊರಟರು. ರುಜು ಹಾಕಿಸಿಕೊಳ್ಳಲು ನಾನೂ ಹೋಗಬೇಕಾಯಿತು.

ಕಾರ್ಖಾನೆಯಲ್ಲಿ ಎರಡೇ ಒಲೆ ಉರಿಯುತ್ತಿದ್ದವು. ಎರಡು ಕೊಪ್ಪರಿಗೆಗಳನ್ನು ಮಾರಿದ್ದರು. ಮರುಳಸಿದ್ದಪ್ಪನವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಕೈಮುಗಿದು ನಿಂತು, “ನನ್ನಿಂದ ತಪ್ಪಾಯ್ತು ಗೌಡ್ರೇ. ನೀವು ಹೇಳ್ದಾಗ ನಾನು ಕೇಳಬೇಕಿತ್ತು,” ಎಂದರು.

ಚಿಕ್ಕಬೈರಪ್ಪ ಕಾಗದ ಓದಿಸಿಕೊಂಡರು. ಬೈಯುತ್ತಾರೆಂದು ನಾನು ಕಾದೆ. ಬೈದಿದ್ದರೂ ತಪ್ಪೇನಿರಲಿಲ್ಲ.

“ಆರು ಜನರಲ್ಲಿ ನಾಲ್ಕು ಜನ ಬಂದಾರು. ಮಂಗಮ್ಮಂಗೆ ಇವತ್ತೇ ಹೇಳಿ ಕಳಿಸ್ತೀನಿ,” ಎಂದರು. “ಬಣ್ಣದ ಹದ ಗೊತ್ತಿದ್ದ ರಾಮಯ್ಯ ಗೊಟ್ಟಿಗೆರೆ ಕಡೆ ಹೋದ, ಅವನು ಬರಲ್ಲ. ಅವನ ಕೈ ನನಗೆ ಇನ್ನು ಸಿಗಲ್ಲ.”

ಮರುಳಸಿದ್ದಪ್ಪನವರು ತಲೆ ಎತ್ತಲಿಲ್ಲ. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಚಿಕ್ಕಬೈರಪ್ಪ ಎದ್ದು ಬಂದು ಅವರ ಮುಗಿದ ಕೈಗಳನ್ನು ಬಿಡಿಸಿದರು.

“ಸ್ವಾಮಿ, ಲೇಔಟಿಗೆ ನನ್ನ ಹೊಲ ತಗೊಂಡಾಗ ಹನ್ನೆರಡು ಗುಂಟೆ ಕಮ್ಮಿ ಬರೆದ್ರು. ಅಳತೆ ತಪ್ಪಿದೆ ಅಂತ ಐದು ವರ್ಷ ತಿರುಗಿದೆ. ಒಬ್ಬರೂ ಬಂದು ನೋಡ್ಲಿಲ್ಲ. ನಮ್ಮಪ್ಪ ಅದೇ ಕೊರಗಲ್ಲಿ ಸತ್ತ. ತಪ್ಪಾಯ್ತು ಅಂತ ಸರ್ಕಾರದೋರು ನನ್ನ ಮನೆ ಬಾಗಿಲಿಗೆ ಬರೋದನ್ನ ಇವತ್ತೇ ನೋಡಿದ್ದು.”

ಆಮೇಲೆ ಅವರು ನನ್ನ ಕಡೆ ತಿರುಗಿ, “ನೀವೂ ಬಂದ್ರಲ್ಲ ಸಾರ್, ದೊಡ್ಡ ಮನಸ್ಸು,” ಎಂದು, ರುಜು ಹಾಕಲು ನನ್ನ ಪೆನ್ನಿಗೆ ಕೈ ಚಾಚಿದರು. ಬಾಯಿ ಮುಚ್ಚಿಕೊಂಡಿರಿ ಎಂದು ಹೇಳಿದ್ದವನು ನಾನು. ಅವರ ಮುಖ ನೋಡಲಾರದೆ ಪೆನ್ನು ಕೊಟ್ಟೆ.