ಹಬ್ಬದ ಶುಕ್ರವಾರ, ಐವತ್ತಮೂರು ಕವರು

ನನ್ನ ಗಂಡ ಕೊರಿಯರ್ ಹಂಚುತ್ತಿದ್ದ ಕಾಲದಲ್ಲಿ ಅವರಿಗೆ ಒಂದು ದೊಡ್ಡ ಹೆಮ್ಮೆ ಇತ್ತು: ತಾನು ಯಾರ ಕೈಕೆಳಗೂ ಇಲ್ಲ ಅಂತ. ಕಂಪನಿಯವರು ಸಹಿ ಹಾಕಿಸಿಕೊಂಡ ಕಾಗದದಲ್ಲೂ ಹಾಗೇ ಬರೆದಿತ್ತು. ಇವರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಗಾಡಿ ಇವರದು, ಪೆಟ್ರೋಲ್ ಇವರದು, ಪಂಕ್ಚರ್ ಆದರೆ ಅದೂ ಇವರದೇ. ಕಂಪನಿ ಕೊಟ್ಟಿದ್ದು ಬೆನ್ನ ಮೇಲೆ ಹೆಸರು ಬರೆದ ಒಂದು ನೀಲಿ ಅಂಗಿ ಮಾತ್ರ. ಅದನ್ನು ಹಾಕಿಕೊಳ್ಳದೆ ಹೋದರೆ, ಒಂಬತ್ತು ಗಂಟೆಗೆ ಐದು ನಿಮಿಷ ತಡವಾದರೆ, ಈ ಸ್ವತಂತ್ರರಿಗೆ ಬ್ರಾಂಚಿನಲ್ಲಿ ಚೆನ್ನಾಗಿ ಮಂಗಳಾರತಿ ಆಗುತ್ತಿತ್ತು. "ಇದೆಂಥ ಸ್ವಾತಂತ್ರ್ಯ ರೀ?" ಅಂತ ನಾನು ರೇಗಿಸಿದರೆ, "ನಿಂಗೆ ಬಿಸಿನೆಸ್ ಅರ್ಥ ಆಗಲ್ಲ ಕಣೇ" ಅನ್ನುತ್ತಿದ್ದರು.

ಎರಡು ಸಾವಿರ ಇಸವಿ ಕಳೆದು ಐದಾರು ವರ್ಷ ಆಗಿತ್ತು. ಶ್ರಾವಣದಲ್ಲಿ ಒಂದು ದಿನ ಹೇರೋಹಳ್ಳಿಯ ರಸ್ತೆಗುಂಡಿಯೊಂದು ಈ ಬಿಸಿನೆಸ್‌ಮ್ಯಾನ್‌ರನ್ನು ಗಾಡಿ ಸಮೇತ ಉರುಳಿಸಿತು. ಗಾಡಿಗೆ ಏನೂ ಆಗಲಿಲ್ಲ. ಎಡಗಾಲಿಗೆ ಮಂಡಿವರೆಗೂ ಪ್ಲಾಸ್ಟರ್ ಬಿತ್ತು. ರಜೆ ಅನ್ನುವುದು ನೌಕರರಿಗೆ ಇರುವಂಥದ್ದು, ಗುತ್ತಿಗೆದಾರರಿಗೆಲ್ಲಿ ಬಂತು? ಗುರುವಾರ ಬ್ರಾಂಚಿನ ಮ್ಯಾನೇಜರ್ ಫೋನ್ ಮಾಡಿದರು. "ರಾಖಿ ಟೈಮು, ಕವರ್ ರಾಶಿ ಬಿದ್ದಿದೆ. ನಾಳೆ ಸಂಜೆ ಆರಕ್ಕೆ ನಿಮ್ಮ ಏರಿಯಾದ್ದು ಒಂದು ಉಳಿದಿದ್ರೂ ಏರಿಯಾ ಬೇರೆಯವ್ರಿಗೆ ಕೊಡ್ತೀನಿ, ಬೇಜಾರ್ ಮಾಡ್ಕೋಬೇಡಿ."

ನಮ್ಮ ಏರಿಯಾ ಅಂದರೆ ಬಸವೇಶ್ವರನಗರದ ಹತ್ತಿಪ್ಪತ್ತು ಕ್ರಾಸ್. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಬೆಲ್ ಕೆಲಸ ಮಾಡಲ್ಲ ಅಂತ ತಿಳಿಯುವುದಕ್ಕೇ ಇವರಿಗೆ ಮೂರು ವರ್ಷ ಹಿಡಿದಿತ್ತು. ಅದು ಕೈಬಿಟ್ಟರೆ ಸಿಗುತ್ತಿದ್ದದ್ದು ಬ್ಯಾಡರಹಳ್ಳಿಯ ಆಚೆಯ ಹೊಸ ಲೇಔಟುಗಳು. ಅಲ್ಲಿ ಮನೆಗಳಿಗಿನ್ನೂ ನಂಬರೇ ಬಿದ್ದಿರಲಿಲ್ಲ. ಗಂಡ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ನಾನು ಆ ಕಾಗದ ತೆಗೆದು ಮೊದಲಿಂದ ಕೊನೆವರೆಗೆ ಓದಿದೆ. ತಲುಪಿಸುವ ವಿಧಾನ ಗುತ್ತಿಗೆದಾರರ ಇಷ್ಟ, ಬೇಕಾದರೆ ಬೇರೆಯವರಿಂದ ಮಾಡಿಸಬಹುದು ಅಂತ ಸಣ್ಣ ಅಕ್ಷರದಲ್ಲಿತ್ತು. "ನನ್ನ ಇಟ್ಕೊಳ್ರೀ ಕೆಲಸಕ್ಕೆ" ಅಂದೆ. ನನಗೆ ಗಾಡಿ ಓಡಿಸಲು ಬರುತ್ತಿತ್ತು. ಅಡುಗೆಮನೆಯಿಂದ ಅತ್ತೆ, "ಬ್ಯಾಗ್ ಕಾಯೋಕೆ ನಾನೂ ಬರ್ತೀನಿ. ಒಬ್ಬಳೇ ಏನು ಮಾಡ್ತೀಯ?" ಅಂದರು. ಅತ್ತೆಗೆ ಆಗ ಅರವತ್ತು. ಮಾವ ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು. ಮಾರೇನಹಳ್ಳಿಯ ನಮ್ಮ ಬೀದಿ ದಾಟಿ ಅವರು ಹೋಗುತ್ತಿದ್ದದ್ದೇ ಅಪರೂಪ.

ಆ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಹಬ್ಬ ಮರೆತಿದ್ದೆವು ಅಂತಲ್ಲ. ಬೆಳಗ್ಗೆ ಐದಕ್ಕೇ ಕಲಶ ಇಟ್ಟು, ಪೂಜೆ ಮುಗಿಸಿ, ಹೂ ಮುಡಿದು, ಹೊಸ ಬಳೆ ತೊಟ್ಟೇ ಹೊರಟಿದ್ದೆ. ಬ್ರಾಂಚಿನಲ್ಲಿ ಮ್ಯಾನೇಜರ್ ಹುಬ್ಬೇರಿಸಿದರು, ನಾನು ಕಾಗದ ತೋರಿಸಿದೆ, ಅವರು ಐವತ್ತಮೂರು ಕವರು ಎಣಿಸಿ ಕೊಟ್ಟರು. ನಾನು ಲೆಕ್ಕಕ್ಕೆ ಹಿಡಿಯದೇ ಬಿಟ್ಟಿದ್ದು ಒಂದೇ ವಿಷಯ. ಗಂಡ ಹೋದರೆ ಜನ ಗೇಟಿನಲ್ಲೇ ಸಹಿ ಹಾಕಿ ಕಳಿಸುತ್ತಾರೆ. ಹಬ್ಬದ ದಿನ ಮುತ್ತೈದೆಯೊಬ್ಬಳು ಬಾಗಿಲಿಗೆ ಬಂದರೆ ಯಾರು ಹಾಗೇ ಕಳಿಸುತ್ತಾರೆ?

ಮೊದಲ ಮನೆಯಲ್ಲೇ, "ಅಯ್ಯೋ, ಲಕ್ಷ್ಮಿ ಬಂದಂಗೆ ಬಂದಿದೀರ, ಕುಂಕುಮ ತಗೊಂಡು ಹೋಗಿ" ಅಂತ ಒಳಗೆ ಕರೆದು ಮಣೆಯ ಮೇಲೆ ಕೂರಿಸಿದರು. ಅರಿಶಿನ, ಕುಂಕುಮ, ಹೂ, ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಬಟ್ಟೆ. ಎರಡನೇ ಮನೆಯಲ್ಲಿ ಇದೆಲ್ಲದರ ಜೊತೆಗೆ ಒಬ್ಬಟ್ಟು. ಮೂರನೇ ಮನೆಯ ಆಂಟಿ ಆರತಿ ಹಾಡು ಮುಗಿಯುವವರೆಗೂ ಏಳಲು ಬಿಡಲಿಲ್ಲ. ಬೇಡ ಅನ್ನುವ ಹಾಗಿಲ್ಲ, ಅವಸರ ಮಾಡುವ ಹಾಗಂತೂ ಇಲ್ಲವೇ ಇಲ್ಲ. ಮಧ್ಯಾಹ್ನ ಒಂದಕ್ಕೆ ನೋಡಿದರೆ ಹಂಚಿದ್ದು ಹದಿನಾಲ್ಕು ಕವರು, ಚೀಲದಲ್ಲಿ ಸೇರಿದ್ದು ಹದಿಮೂರು ತೆಂಗಿನಕಾಯಿ. ಒಂದು ಮನೆಗೆ ಬೀಗ ಹಾಕಿತ್ತು, ಪಕ್ಕದ ಮನೆಯವರು ಗೇಟಿನಲ್ಲೇ ಸಹಿ ಹಾಕಿ ಇಸಿದುಕೊಂಡರು. ಅವರಿಗಂತೂ ನಾನು ಇನ್ನೂ ಋಣಿ.

ಗಾಡಿ ಹತ್ತಿರ ಬಂದು ಅಳುವ ಹಾಗಾಗಿ ನಿಂತೆ. "ಏರಿಯಾ ಹೋಯ್ತು ಅತ್ತೆ" ಅಂದೆ. ಅವರು ಬೆಳಗ್ಗೆಯಿಂದ ಬಿಸಿಲಲ್ಲಿ ಬ್ಯಾಗ್ ಕಾಯುತ್ತಾ ನಿಂತಿದ್ದರು. ನನ್ನ ಹಣೆ ತುಂಬ ಮೆತ್ತಿದ್ದ ಕುಂಕುಮ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನೀನು ಇಲ್ಲೇ ನಿಲ್ಲು. ಕವರು ನನ್ನ ಕೈಗೆ ಕೊಡು. ನನ್ನನ್ನ ಯಾರೂ ಒಳಗೆ ಕೂರಿಸ್ಕೊಳ್ಳಲ್ಲ."

ಅವರು ಅದನ್ನು ಬೆಂಡೆಕಾಯಿ ಬೆಲೆ ಹೇಳಿದ ಹಾಗೆ ಹೇಳಿದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಆಗಲೂ ಗೊತ್ತಾಗಲಿಲ್ಲ. ಆದರೆ ಗಂಟೆ ಒಂದಾಗಿತ್ತು, ಕವರು ಮೂವತ್ತೊಂಬತ್ತು ಉಳಿದಿದ್ದವು. ಕೊಟ್ಟೆ.

ಆಮೇಲೆ ನಡೆದದ್ದನ್ನು ಗಂಡ ಆ ರಾತ್ರಿ ನಂಬಲೇ ಇಲ್ಲ. ಅತ್ತೆಗೆ ಇಂಗ್ಲಿಷ್ ಓದಲು ಬಾರದು, ನಂಬರ್ ಓದಲು ಬರುತ್ತಿತ್ತು. ನಾನು ಗಾಡಿಯನ್ನು ಒಂದೊಂದು ಕ್ರಾಸಿನ ಮೊದಲಿಗೆ ತಂದು ನಿಲ್ಲಿಸಿ, ಕವರು ಸಾಲಾಗಿ ಜೋಡಿಸಿ, ಹೆಸರು ಹೇಳಿಕೊಡುತ್ತಿದ್ದೆ. ಅವರು ಬೀದಿಯ ಆ ಬದಿಯಲ್ಲಿ ಹೋಗಿ ಈ ಬದಿಯಲ್ಲಿ ಬರುತ್ತಿದ್ದರು. ಬಾಗಿಲು ತೆರೆದ ಹೆಂಗಸರು ಅವರ ಬರಿಯ ಹಣೆ ನೋಡಿ ಒಂದು ಕ್ಷಣ ತಡೆಯುವುದು ನನಗೆ ದೂರದಿಂದಲೇ ಕಾಣುತ್ತಿತ್ತು. ಅಷ್ಟರಲ್ಲಿ ಅತ್ತೆ ಕವರು ಮುಂದೆ ಹಿಡಿದು, "ಕೊರಿಯರ್ ತಾಯಿ, ಇಲ್ಲಿ ಸೈನ್ ಹಾಕಿ" ಅನ್ನುತ್ತಿದ್ದರು. ಅಲ್ಲಿಗೆ ಆ ಮುಖ ಅರಳಿಬಿಡುತ್ತಿತ್ತು. ಒಂದು ಮನೆಯಲ್ಲಿ ಜೈಪುರದ ಕಡೆಯ ಮುದುಕರೊಬ್ಬರು ತಂಗಿಯ ರಾಖಿಗೆ ನಾಲ್ಕು ದಿನದಿಂದ ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರಂತೆ. ಅವರು ಎರಡೂ ಕೈ ಜೋಡಿಸಿದರು. ಅತ್ತೆ ಸಹಿ ಹಾಕಿಸಿಕೊಂಡು ಓಡುನಡಿಗೆಯಲ್ಲಿ ಮುಂದಿನ ಮನೆಗೆ ಹೋದರು.

ಐದೂವರೆಗೆ ಬ್ಯಾಗ್ ಖಾಲಿ. ಮ್ಯಾನೇಜರ್ ಶೀಟು ಎರಡು ಸಲ ನೋಡಿ, "ಯಾರಮ್ಮ ಡೆಲಿವರಿ ಮಾಡಿದ್ದು?" ಅಂದರು. "ಗುತ್ತಿಗೆದಾರರ ತಾಯಿ" ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಏರಿಯಾ ನಮಗೇ ಉಳಿಯಿತು. ಅವರ ಟೇಬಲ್ ಮೇಲೆ ಎರಡು ತೆಂಗಿನಕಾಯಿ ಇಟ್ಟು ಬಂದೆ.

ವಾಪಸು ಬರುವಾಗ ವಿಜಯನಗರದ ಸಿಗ್ನಲ್ಲಿನಲ್ಲಿ ಹಿಂದೆ ಕೂತಿದ್ದ ಅತ್ತೆ ನನ್ನ ಭುಜ ಹಿಡಿದರು. "ನಿಮ್ಮ ಮಾವ ಹೋದ್ಮೇಲೆ ಈ ಹಬ್ಬದ ದಿನ ನಾನು ಯಾರ ಬಾಗಿಲಿಗೂ ಹೋಗಿರ್ಲಿಲ್ಲ ಕಣಮ್ಮ. ಅವ್ರಿಗ್ಯಾಕೆ ಮುಜುಗರ ಅಂತ ಒಳಗೇ ಇರ್ತಿದ್ದೆ. ಇವತ್ತು ಅಷ್ಟು ಬಾಗಿಲು ತಟ್ಟಿದೆ. ಎಲ್ಲರೂ ನನ್ನ ನೋಡಿ ನಕ್ಕರು." ನನಗೆ ಕಣ್ಣು ತುಂಬಿ ಬಂತು. ಹಸಿರು ದೀಪ ಬಂದದ್ದು ಹಿಂದಿನ ಆಟೋದವನು ಹಾರನ್ ಹೊಡೆದಾಗಲೇ ತಿಳಿದಿದ್ದು.

ಮರುವರ್ಷ ಹಬ್ಬದ ಹೊತ್ತಿಗೆ ಗಂಡನ ಕಾಲು ನೆಟ್ಟಗಾಗಿತ್ತು. ಆ ಶುಕ್ರವಾರ ಅವರು ಗಾಡಿ ತೆಗೆಯಲು ಹೊರಗೆ ಬಂದರೆ, ಅತ್ತೆ ಚಪ್ಪಲಿ ಮೆಟ್ಟಿಕೊಂಡು ಗೇಟಿನಲ್ಲಿ ನಿಂತಿದ್ದರು.

"ನೀನು ಗಾಡಿ ಓಡ್ಸು ಸಾಕು" ಅಂದರು ಮಗನಿಗೆ. "ಬಾಗಿಲಿಗೆ ನಾನು ಹೋಗ್ತೀನಿ."